ಮಾಣಿಯ ಇಂಗ್ಲಿಷು: ಸಯನ್ ಆಸುಪಾಸಿನ ಹೋಟೆಲು ಕನ್ನಡಿಗರೂ ರಾತ್ರಿಶಾಲೆಯೂ

ಮುಂಬಯಿ ಕನ್ನಡಿಗರ ಹೋಟೆಲು ಉದ್ಯಮದ ಇತಿಹಾಸವನ್ನು ಹೇಳುವಾಗ ಒಂದು ಕಥೆ ಪದೇ ಪದೇ ಬರುತ್ತದೆ. ಕರಾವಳಿಯ ಹಳ್ಳಿಯಿಂದ ಬರಿಗೈಯಲ್ಲಿ ಬಂದ ಹುಡುಗನು ಲೋಟ ತೊಳೆದು, ಮೇಜು ಒರಸಿ, ಮಾಣಿಯಾಗಿ, ಗಲ್ಲಾಪೆಟ್ಟಿಗೆಯ ಬಳಿ ಕುಳಿತು, ಕೊನೆಗೆ ತಾನೇ ಧಣಿಯಾದನೆಂಬುದು ಆ ಕಥೆ. ಅದು ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಮೆಟ್ಟಿಲು ಬಿಟ್ಟುಹೋಗಿದೆ. ಮೇಜಿನಿಂದ ಗಲ್ಲಾಪೆಟ್ಟಿಗೆಯವರೆಗಿನ ದಾರಿಯನ್ನು ದುಡಿಮೆಯೊಂದರಿಂದಲೇ ಕ್ರಮಿಸಲು ಸಾಧ್ಯವಿರಲಿಲ್ಲ. ಅದಕ್ಕೆ ಅಷ್ಟಿಷ್ಟು ಇಂಗ್ಲಿಷು ಬೇಕಾಗಿತ್ತು. ಆ ಇಂಗ್ಲಿಷನ್ನು ಅವನು ಎಲ್ಲಿ, ಯಾವ ರೀತಿಯಲ್ಲಿ ಕಲಿತನೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಸಯನ್ ಪ್ರದೇಶವು ಯೋಗ್ಯವಾದ ನೆಲೆ. ಎಲ್ಲೆ ಎಂಬರ್ಥದ ‘ಶೀವ’ ಎಂಬ ಮರಾಠಿ ಶಬ್ದದಿಂದ ಈ ಊರಿಗೆ ಹೆಸರು ಬಂದಿದೆ. ಮುಂಬಯಿ ದ್ವೀಪವು ಉತ್ತರಕ್ಕೆ ಮುಗಿಯುತ್ತಿದ್ದುದು ಇಲ್ಲಿಯೇ. 1798ರಿಂದ 1805ರ ಅವಧಿಯಲ್ಲಿ ಗವರ್ನರ್ ಜೊನಾಥನ್ ಡಂಕನ್ನನು ಕಟ್ಟಿಸಿದ ಸೇತುಮಾರ್ಗವು ಸಯನ್ನನ್ನು ಕುರ್ಲಾಕ್ಕೆ ಜೋಡಿಸಿತು. 1853ರಲ್ಲಿ ಬೋರಿಬಂದರದಿಂದ ಠಾಣೆಗೆ ಹೊರಟ ಮೊದಲ ರೈಲುಗಾಡಿ ಈ ದಾರಿಯಾಗಿಯೇ ಹೋಯಿತು. 1896ರ ಪ್ಲೇಗಿನ ಬಳಿಕ ನಗರ ಸುಧಾರಣಾ ಟ್ರಸ್ಟು ದಾದರ, ಮಾಟುಂಗಾ, ವಡಾಲಾ, ಸಯನ್‌ಗಳಲ್ಲಿ ಯೋಜನಾಬದ್ಧವಾದ ವಸತಿಗಳನ್ನು ಹಾಕಿಕೊಟ್ಟ ಮೇಲೆ ದಕ್ಷಿಣದವರು ಇಲ್ಲಿ ನೆಲೆಸತೊಡಗಿದರು. ಅವರ ಸಂಸ್ಥೆಗಳೂ ಅವರ ಬೆನ್ನಿಗೇ ಬಂದವು. ಸಯನ್ನಿನಲ್ಲಿ ದಕ್ಷಿಣ ಕನ್ನಡ ಬ್ರಾಹ್ಮಣರ ಸಂಘದ ‘ಗೋಕುಲ’, ವಡಾಲಾದಲ್ಲಿ ನ್ಯಾಶನಲ್ ಕನ್ನಡ ಎಜ್ಯುಕೇಶನ್ ಸೊಸೈಟಿ ತಲೆಯೆತ್ತಿದವು. 1932ರಲ್ಲಿ ಸ್ಥಾಪಿತವಾದ ಸೌತ್ ಇಂಡಿಯನ್ ಎಜ್ಯುಕೇಶನ್ ಸೊಸೈಟಿಯು 1960ರಲ್ಲಿ ಸಯನ್ನಿನಲ್ಲಿಯೇ ಕಾಲೇಜನ್ನು ತೆರೆಯಿತು. ಮಾಟುಂಗಾ ನಿಲ್ದಾಣದ ಬಳಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಇಲ್ಲಿಂದ ಕೂಗಳತೆಯ ದೂರದಲ್ಲಿದೆ. ಹೋಟೆಲು, ಶಾಲೆ, ಕಾಲೇಜು ಈ ಮೂರೂ ಒಂದೇ ನಡಿಗೆಯ ಅಂತರದಲ್ಲಿದ್ದುದರಿಂದ, ಒಂದರಿಂದ ಇನ್ನೊಂದಕ್ಕೆ ಹೋಗುವುದು ಎಷ್ಟು ಕಠಿಣವಾಗಿತ್ತೆಂಬುದು ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಕರಾವಳಿಯ ಸ್ಟೀಮರಿನಲ್ಲಿ ಬಂದಿಳಿದ ಹುಡುಗನ ಭಾಷಾಸಂಪತ್ತು ಯಾವುದು? ಮನೆಯಲ್ಲಿ ತುಳು, ಕೊಂಕಣಿ ಅಥವಾ ಕುಂದಾಪುರದ ಕನ್ನಡ. ಅಕ್ಷರ ಕಲಿತದ್ದು ಗ್ರಂಥಸ್ಥ ಕನ್ನಡದಲ್ಲಿ. ಮುಂಬಯಿಯಲ್ಲಿ ಗಿರಾಕಿಗಳ ಮಾತು ಮರಾಠಿ, ಗುಜರಾತಿ, ಹಿಂದಿ. ಇವೆಲ್ಲವೂ ಕಿವಿಯಿಂದ ಬರುವ ವಿದ್ಯೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬಂದುಬಿಡುತ್ತಿದ್ದವು. ಇಂಗ್ಲಿಷು ಹಾಗೆ ಬರುವಂತಹುದಲ್ಲ. ದಕ್ಷಿಣ ಕನ್ನಡವು 1956ರ ವರೆಗೆ ಮದರಾಸಿಗೆ ಸೇರಿತ್ತು. ಉತ್ತರ ಕನ್ನಡವಾದರೋ 1862ರಿಂದಲೇ ಮುಂಬಯಿ ಪ್ರಾಂತದಲ್ಲಿತ್ತು. ಎಲ್ಲಿಯವನೇ ಆಗಲಿ, ಪ್ರಾಥಮಿಕ ಶಾಲೆಯಷ್ಟನ್ನೇ ಮುಗಿಸಿ ಬಂದವನಿಗೆ ಇಂಗ್ಲಿಷಿನಲ್ಲಿ ಅಕ್ಷರಪರಿಚಯಕ್ಕಿಂತ ಹೆಚ್ಚಿನದೇನೂ ಇರುತ್ತಿರಲಿಲ್ಲ.

ಈ ಕೊರತೆಯನ್ನು ತುಂಬಲು ಮುಂದೆ ಬಂದದ್ದು ಕನ್ನಡಿಗರ ಸಂಘಸಂಸ್ಥೆಗಳು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ 1932ರಲ್ಲಿ ಹುಟ್ಟಿದ ಬಿಲ್ಲವರ ಎಸೋಸಿಯೇಶನ್ನೂ ರಾತ್ರಿಶಾಲೆಗಳನ್ನು ನಡೆಯಿಸಿದವು. ಫೋರ್ಟ್ ಭಾಗದಲ್ಲಿ ಶುಲ್ಕರಹಿತವಾದ ಕನ್ನಡ ರಾತ್ರಿ ಪ್ರೌಢಶಾಲೆ ಇತ್ತು. ಹಗಲು ಬೇರೆ ಮಕ್ಕಳು ಕುಳಿತ ಬೆಂಚುಗಳ ಮೇಲೆಯೇ ರಾತ್ರಿ ಇವರ ಪಾಠ. ಶಾಲೆಗೆ ಹೋಗಲು ಬಿಡುವು ದೊರೆತುದರಲ್ಲಿ ಕಾನೂನಿನ ಪಾತ್ರವನ್ನೂ ಮರೆಯಲಾಗದು. ಅಂಗಡಿ ಮತ್ತು ಹೋಟೆಲುಗಳ ದುಡಿಮೆಯ ವೇಳೆಯನ್ನು ಕಟ್ಟುಪಾಡಿಗೆ ಒಳಪಡಿಸುವ ಕಾನೂನು ಮುಂಬಯಿ ಪ್ರಾಂತದಲ್ಲಿ 1939ರಲ್ಲಿಯೇ ಆಯಿತು. 1948ರ ಕಾನೂನು ಹೋಟೆಲು ನೌಕರನ ದುಡಿಮೆಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿಯನ್ನು ಹಾಕಿತು. ಕಾಗದದ ಮೇಲಿನ ಮಿತಿಯು ಅಡುಗೆಮನೆಯಲ್ಲಿ ಸದಾ ಪಾಲಿತವಾಯಿತೆಂದು ಹೇಳುವಂತಿಲ್ಲ. ಹುಡುಗನನ್ನು ಸಂಜೆ ಶಾಲೆಗೆ ಕಳುಹಿಸುವುದೂ ಬಿಡುವುದೂ ಬಹುಮಟ್ಟಿಗೆ ಧಣಿಯ ಮನಸ್ಸನ್ನೇ ಅವಲಂಬಿಸಿತ್ತು.

ಅದೇ ಕಾಲದ ಸರಕಾರದ ಇನ್ನೊಂದು ನೀತಿಯು ಈ ಹುಡುಗರಿಗೆ ಅನಿರೀಕ್ಷಿತವಾಗಿ ಅನುಕೂಲವಾಯಿತು. ಬಿ. ಜಿ. ಖೇರರ ಮಂತ್ರಿಮಂಡಲವು 1940ರ ದಶಕದ ಕೊನೆಯಲ್ಲಿ ಐದರಿಂದ ಏಳನೆಯ ತರಗತಿಯವರೆಗಿನ ಪಾಠಕ್ರಮದಿಂದ ಇಂಗ್ಲಿಷನ್ನು ತೆಗೆದು, ಎಂಟನೆಯ ತರಗತಿಯಿಂದ ಅದನ್ನು ಆರಂಭಿಸುವ ಕ್ರಮವನ್ನು ಜಾರಿಗೆ ತಂದಿತು. ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಶನ್ನಿನ ಸ್ಥಾನಕ್ಕೆ 1949ರಿಂದ ಎಸ್.ಎಸ್.ಸಿ. ಪರೀಕ್ಷೆ ಬಂದಿತು. ಇಂಗ್ಲಿಷಿನ ಮಟ್ಟ ಕುಸಿಯಿತೆಂದು ನಗರದ ಸುಶಿಕ್ಷಿತರು ಈ ನೀತಿಯನ್ನು ಟೀಕಿಸಿದರು. ಆದರೆ ರಾತ್ರಿಶಾಲೆಯ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ದೇಶಭಾಷಾ ಮಾಧ್ಯಮದ ಹಗಲು ಶಾಲೆಯ ಹುಡುಗನೂ ಹೋಟೆಲಿನ ಮಾಣಿಯೂ ಈಗ ಒಂದೇ ಗೆರೆಯಿಂದ ಓಟವನ್ನು ಆರಂಭಿಸುವಂತಾಯಿತು. ಹಿಂದೆಂದೂ ಇಲ್ಲದ ಈ ಸಮಾನತೆ ಬಹುಕಾಲ ಬಾಳಲಿಲ್ಲ. ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಇತರರ ಪ್ರವೇಶವನ್ನು ತಡೆಯುವ 1954ರ ಸರಕಾರಿ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ರದ್ದುಗೊಳಿಸಿತು. ಅನುಕೂಲಸ್ಥರ ಮಕ್ಕಳಿಗೆ ಆ ಬಾಗಿಲು ತೆರೆದೇ ಉಳಿಯಿತು.

ಇನ್ನು ಕಲಿತ ಇಂಗ್ಲಿಷಿನ ಸ್ವರೂಪವನ್ನು ಪರಿಶೀಲಿಸೋಣ. ಹೋಟೆಲು ಹುಡುಗನ ಬದುಕಿನಲ್ಲಿ ಇಂಗ್ಲಿಷು ಮೂರು ಬಗೆಯಾಗಿತ್ತು. ಮೊದಲನೆಯದು ಮೇಜಿನ ಇಂಗ್ಲಿಷು: ಪ್ಲೇಟು, ಬಿಲ್ಲು, ಪಾರ್ಸೆಲು, ಸ್ಪೆಶಲ್, ರೈಸ್ ಪ್ಲೇಟು. ಇವೆಲ್ಲ ನಾಮಪದಗಳು, ಕ್ರಿಯಾಪದವನ್ನು ಹಿಂದಿಯೋ ಮರಾಠಿಯೋ ಪೂರೈಸುತ್ತಿತ್ತು. ಇದಕ್ಕೆ ಶಾಲೆ ಬೇಕಿರಲಿಲ್ಲ. ಎರಡನೆಯದು ಪರೀಕ್ಷೆಯ ಇಂಗ್ಲಿಷು: ವ್ಯಾಕರಣ, ಪದ್ಯದ ಸಾರಾಂಶ, ಪ್ರಬಂಧ. ಇದರಿಂದ ಎಸ್.ಎಸ್.ಸಿ. ತೇರ್ಗಡೆಯಾದವರಲ್ಲಿ ಕೆಲವರು ಬೆರಳಚ್ಚು ಮತ್ತು ಪಿಟ್‌ಮನ್ನರ ಶೀಘ್ರಲಿಪಿಯನ್ನು ಕಲಿತು ಕಚೇರಿಗಳನ್ನು ಸೇರಿದರು. ಡಾ. ಅಂಬೇಡ್ಕರರು 1946ರಲ್ಲಿ ಸ್ಥಾಪಿಸಿದ ಸಿದ್ಧಾರ್ಥ ಕಾಲೇಜು ಮುಂಜಾನೆಯ ತರಗತಿಗಳನ್ನು ನಡೆಯಿಸಿ, ಉದ್ಯೋಗದಲ್ಲಿದ್ದವರೂ ಪದವಿಯನ್ನು ಪಡೆಯಲು ಅವಕಾಶ ಮಾಡಿಕೊಟ್ಟಿತ್ತು.

ಮೂರನೆಯದು ಕಾಗದಪತ್ರದ ಇಂಗ್ಲಿಷು. ಇತಿಹಾಸಕಾರರು ಗಮನಿಸದೆ ಹೋದುದು ಇದನ್ನೇ. ಹೋಟೆಲು ತೆರೆಯಬೇಕಾದರೆ 1888ರ ಮುನಿಸಿಪಲ್ ಕಾನೂನಿನ 394ನೆಯ ಕಲಮಿನಂತೆ ಪರವಾನಗಿ ಬೇಕು. 1951ರ ಪೋಲೀಸು ಕಾನೂನಿನಂತೆ ನೋಂದಣಿಯೂ ಬೇಕಾಗಿತ್ತು. ಒಬ್ಬನಲ್ಲಿ ಬಂಡವಾಳ ಸಾಲದ್ದರಿಂದ ಇಬ್ಬರು ಮೂವರು ಕೂಡಿ ಭಾಗೀದಾರಿಕೆಯ ಪತ್ರವನ್ನು ಬರೆಯಿಸುವುದು ವಾಡಿಕೆ. 1932ರ ಭಾಗೀದಾರಿಕೆಯ ಕಾನೂನಿನಂತೆ ಸಂಸ್ಥೆಯ ಸಾಲಕ್ಕೆ ಭಾಗೀದಾರರು ಒಟ್ಟಾಗಿಯೂ ಪ್ರತ್ಯೇಕ ಪ್ರತ್ಯೇಕವಾಗಿಯೂ ಹೊಣೆಗಾರರು. ಇಂಗ್ಲಿಷಿನಲ್ಲಿ ಈ ಮಾತು ಮೂರೇ ಶಬ್ದಗಳದು; ಪತ್ರದ ನಡುವೆ ಕಣ್ಣಿಗೆ ಬೀಳದಂತೆ ಕುಳಿತಿರುತ್ತದೆ. ಜೊತೆಗಾರನು ಕೈಯೆತ್ತಿದರೆ ಇಡೀ ಸಾಲ ತನ್ನ ತಲೆಯ ಮೇಲೆ ಬರುತ್ತದೆಂಬುದು ಅದರ ಅರ್ಥ. ಮೇಜಿನ ಇಂಗ್ಲಿಷು ಮಾತ್ರ ಬಲ್ಲವನು ಬೆರಳು ತೋರಿದಲ್ಲಿ ಸಹಿ ಹಾಕುತ್ತಾನೆ. ಅದನ್ನು ಓದಿ ಮನಸ್ಸಿನಲ್ಲಿಯೇ ಕನ್ನಡಕ್ಕೆ ತಿರುಗಿಸಬಲ್ಲವನು ಒಂದು ಕ್ಷಣ ಲೇಖನಿಯನ್ನು ತಡೆದು ಪ್ರಶ್ನೆ ಕೇಳುತ್ತಾನೆ.

ರಾತ್ರಿಶಾಲೆಯ ಪಾಠಕ್ರಮವು ಕೊಟ್ಟದ್ದು ಹೀಗೆ ತಿರುಗಿಸಬಲ್ಲ ಶಕ್ತಿಯನ್ನು. ಮರಾಠಿ ವಿದ್ಯಾರ್ಥಿಗಳಿಗೆ ತರ್ಖಡಕರ ಭಾಷಾಂತರ ಪಾಠಮಾಲೆ ಹೇಗೋ ಹಾಗೆ ಕನ್ನಡ ಹುಡುಗರಿಗೆ ಕರಿಹಲಗೆಯ ಮೇಲಿನ ಅನುವಾದದ ಅಭ್ಯಾಸ: ಒಂದು ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಕನ್ನಡ, ಒಂದು ಕನ್ನಡ ವಾಕ್ಯ, ಅದರ ಕೆಳಗೆ ಇಂಗ್ಲಿಷು. ಆಧುನಿಕ ಭಾಷಾಶಿಕ್ಷಣದ ವಿದ್ವಾಂಸರು ಈ ಪದ್ಧತಿಯನ್ನು ಹಳತೆಂದು ತಳ್ಳಿಹಾಕಿದ್ದಾರೆ. ಇದರಿಂದ ಮಾತು ಬರುವುದಿಲ್ಲವೆಂಬ ಅವರ ಆಕ್ಷೇಪ ಯುಕ್ತವೇ ಆಗಿದೆ. ಶುದ್ಧವಾಗಿ ಅರ್ಜಿ ಬರೆಯಬಲ್ಲವನೂ ಇಂಗ್ಲಿಷ್ ಮಾತನಾಡಬೇಕಾದಲ್ಲಿ ತಡವರಿಸುತ್ತಿದ್ದನು. ಆದರೆ ದಿನವಿಡೀ ದುಡಿದು ಬಂದ ಹುಡುಗನಿಗೆ ತನಗೆ ಗೊತ್ತಿರುವ ಅಕ್ಷರದಿಂದ ಗೊತ್ತಿಲ್ಲದ ಅಕ್ಷರಕ್ಕೆ ದಾಟಲು ಇದಕ್ಕಿಂತ ಸಮೀಪದ ಕಾಲುಸಂಕ ಇರಲಿಲ್ಲ. ಕನ್ನಡವು ಇಂಗ್ಲಿಷಿಗೆ ಅಡ್ಡಿಯೆಂಬ ನಂಬಿಕೆಯು ಈ ಅನುಭವದ ಮುಂದೆ ನಿಲ್ಲಲಾರದು.

ಇತ್ತ ಹೋಟೆಲು ವಿದ್ಯೆಯೇ ಕಾಲೇಜಿನ ವಿಷಯವಾಗತೊಡಗಿತು. ಲೀಲಾವತಿ ಮುನಶಿಯವರ ನೇತೃತ್ವದ ಅಖಿಲ ಭಾರತ ಮಹಿಳಾ ಕೇಂದ್ರೀಯ ಆಹಾರ ಮಂಡಳಿಯು 1954ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಕೇಟರಿಂಗ್ ವಿದ್ಯಾಸಂಸ್ಥೆ ಈ ಬಗೆಯಲ್ಲಿ ದೇಶದಲ್ಲಿಯೇ ಮೊದಲನೆಯದು; ದಾದರದಲ್ಲಿ ಅದು ಇಂದಿಗೂ ಇದೆ. ಅಲ್ಲಿಯ ಭಾಷೆ ಇಂಗ್ಲಿಷು. ಮಸಾಲೆ ದೋಸೆಯನ್ನು ಕಣ್ಣು ಮುಚ್ಚಿ ಹುಯ್ಯಬಲ್ಲವನು ತನ್ನ ವಿದ್ಯೆಗೆ ಪ್ರಮಾಣಪತ್ರ ಪಡೆಯಲು ಮೊದಲು ಆ ಭಾಷೆಯ ಹೊಸ್ತಿಲನ್ನು ದಾಟಬೇಕಾಗಿತ್ತು. ಇಂದು ಇಂತಹ ಸಂಸ್ಥೆಗಳ ಅಖಿಲ ಭಾರತ ಪ್ರವೇಶಪರೀಕ್ಷೆಯಲ್ಲಿ ಇಂಗ್ಲಿಷಿಗೆ ಪ್ರತ್ಯೇಕ ವಿಭಾಗವೇ ಇದೆ. 1980ರ ದಶಕದಲ್ಲಿ ಮಣಿಪಾಲದಲ್ಲಿಯೂ ಹೋಟೆಲು ಆಡಳಿತದ ಕಾಲೇಜು ಆರಂಭವಾಯಿತು. ಯಾವ ಸೀಮೆಯಿಂದ ಮಾಣಿಗಳು ಮುಂಬಯಿಗೆ ಹೊರಟರೋ ಅದೇ ಸೀಮೆಗೆ ಆತಿಥ್ಯವಿದ್ಯೆಯನ್ನು ಕಲಿಯಲು ಹೊರಗಿನವರು ಬರುವಂತಾಯಿತು.

ಮುಂಬಯಿಯಲ್ಲಿ ಚಕ್ರ ಇನ್ನೊಂದು ಸುತ್ತು ತಿರುಗಿದೆ. 2000ದಿಂದ ಮಹಾರಾಷ್ಟ್ರದಲ್ಲಿ ಮೊದಲನೆಯ ತರಗತಿಯಿಂದಲೇ ಇಂಗ್ಲಿಷ್ ಪಾಠ ಬಂದಿತು. 1927ರಲ್ಲಿ ಹುಟ್ಟಿದ ಬಂಟರ ಸಂಘವು ಸಯನ್ನಿನ ಸೇತುಮಾರ್ಗದಾಚೆ ಕುರ್ಲಾದಲ್ಲಿ ವಾಣಿಜ್ಯ ಮತ್ತು ಆತಿಥ್ಯವಿದ್ಯೆಯ ಕಾಲೇಜುಗಳನ್ನು ನಡೆಯಿಸುತ್ತಿದೆ. ಮಾಣಿಯ ಮೊಮ್ಮಕ್ಕಳಿಗೆ ಇಂಗ್ಲಿಷು ಹೊಸ್ತಿಲಲ್ಲ, ಮನೆಯೇ ಆಗಿದೆ. ರಾತ್ರಿಶಾಲೆಗಳು ಕ್ಷೀಣಿಸಿವೆ, ಕನ್ನಡ ಬಲ್ಲ ಹುಡುಗರು ಹೋಟೆಲು ಕೆಲಸಕ್ಕೆ ಬರುವುದು ವಿರಳವಾದಂತೆ ಶಾಲೆಗೂ ವಿದ್ಯಾರ್ಥಿಗಳಿಲ್ಲವಾದರು. ಅದು ಶೋಕಿಸತಕ್ಕ ಸಂಗತಿಯೆಂದು ತೋರುವುದಿಲ್ಲ. ಒಂದು ಸಮಾಜಕ್ಕೆ ರಾತ್ರಿಶಾಲೆಯ ಅಗತ್ಯ ತೀರಿತೆಂದರೆ ಶಾಲೆಯು ತನ್ನ ಕೆಲಸವನ್ನು ಮಾಡಿತೆಂದೇ ಅರ್ಥ.

ಆದರೆ ಅಗತ್ಯವು ಹೋಟೆಲಿನಿಂದ ಹೋಗಿಲ್ಲ. ಅದೇ ಉಡುಪಿ ಹೋಟೆಲುಗಳ ಮೇಜು ಒರಸುವವರು ಈಗ ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದಿದ್ದಾರೆ. ಮೇಜಿನ ಇಂಗ್ಲಿಷು ಅವರಿಗೂ ತಾನಾಗಿಯೇ ಬಂದಿದೆ; ಕಾಗದಪತ್ರದ ಇಂಗ್ಲಿಷನ್ನು ಅವರ ಭಾಷೆಯ ಮೂಲಕ ಕಲಿಸುವವರು ಯಾರು? ಕನ್ನಡಿಗರ ಸಂಘಗಳಲ್ಲಿ ಕಟ್ಟಡವಿದೆ, ಧನವಿದೆ, ಎಲ್ಲಕ್ಕೂ ಮಿಗಿಲಾಗಿ ಈ ಕೆಲಸ ಹೇಗೆ ಮಾಡಬೇಕೆಂಬ ಅನುಭವವಿದೆ. ನಮ್ಮ ಹಿರಿಯರು ತಮ್ಮವರಿಗಾಗಿ ಹಚ್ಚಿದ ದೀಪದಲ್ಲಿ ಎಣ್ಣೆ ಇನ್ನೂ ಉಳಿದಿದೆ. ಸಂಜೆ ಏಳು ಗಂಟೆಗೆ ಒಂದು ಕೋಣೆಯ ಬಾಗಿಲನ್ನು ತೆರೆದು, ಒಂದು ಕರಿಹಲಗೆಯನ್ನು ಇರಿಸಿ, ಹುಡುಗರನ್ನು ಎರಡು ಗಂಟೆ ಬಿಟ್ಟುಕೊಡುವಂತೆ ಧಣಿಗಳನ್ನು ಒಪ್ಪಿಸಿದರೆ ಆರಂಭಕ್ಕೆ ಅಷ್ಟು ಸಾಕು. ಆ ಧಣಿಗಳಲ್ಲಿ ಅನೇಕರ ತಂದೆಯೋ ಅಜ್ಜನೋ ಒಮ್ಮೆ ಅಂತಹುದೇ ಕೋಣೆಯ ಹಿಂದಿನ ಬೆಂಚಿನಲ್ಲಿ ನಿದ್ದೆಯನ್ನು ತಡೆಯುತ್ತ ಕುಳಿತಿದ್ದವರೇ.