ಜೀವಿಗಳ ರಾಸಾಯನಿಕ ಆತ್ಮರಕ್ಷಣೆ

ತನ್ನನ್ನು ತಿನ್ನಬಂದ ಶತ್ರುವನ್ನು ವಿಷ, ಕಹಿ, ದುರ್ಗಂಧ, ಉರಿ ಇವುಗಳಲ್ಲೊಂದನ್ನು ಉಂಟುಮಾಡುವ ದ್ರವ್ಯದಿಂದ ಹಿಮ್ಮೆಟ್ಟಿಸಿ, ಸಸ್ಯವಾಗಲಿ ಪ್ರಾಣಿಯಾಗಲಿ ತನ್ನ ಜೀವವನ್ನು ಉಳಿಸಿಕೊಳ್ಳುವ ಕ್ರಮಕ್ಕೆ ರಾಸಾಯನಿಕ ಆತ್ಮರಕ್ಷಣೆಯೆಂದು ಹೆಸರು. ಇದರ ಅರಿವು ಜನಪದದಲ್ಲಿ ಬಹಳ ಹಳೆಯದು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಕಟ್ಟಿದ ಕನ್ನಡಿಗರೇ ಒಂದು ಬಳ್ಳಿಯನ್ನು ಆಡುಮುಟ್ಟದ ಬಳ್ಳಿಯೆಂದು ಕರೆದಿದ್ದಾರೆ. ಅದರಲ್ಲಿ ಟೈಲೊಫೊರೀನ್ ಎಂಬ ಆಲ್ಕಲಾಯ್ಡ್ ಇರುವುದನ್ನು ರಸಾಯನಶಾಸ್ತ್ರವು ಕಂಡುಕೊಂಡದ್ದು ಎಷ್ಟೋ ಕಾಲದ ಮೇಲೆ. ಕಾಳಿನ ಕಣಜದಲ್ಲಿ ಒಣಗಿದ ಬೇವಿನ ಸೊಪ್ಪನ್ನು ಬೆರೆಸಿ ಹುಳು ಬೀಳದಂತೆ ನೋಡಿಕೊಳ್ಳುವ ರೈತನು, ಮರವು ತನಗಾಗಿ ಸಿದ್ಧಪಡಿಸಿಕೊಂಡ ರಕ್ಷೆಯನ್ನು ತನ್ನ ಧಾನ್ಯಕ್ಕೂ ಒದಗಿಸಿಕೊಂಡವನು. ಈ ಅನುಭವಜ್ಞಾನವು ಶಾಸ್ತ್ರದ ರೂಪವನ್ನು ತಾಳಿದ್ದು ಮಾತ್ರ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಸಸ್ಯವಿಷಗಳ ಅಧ್ಯಯನ: 1818ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವಾಂತೂ ಎಂಬವರು ಕಾಸರಕನ ಕುಲಕ್ಕೆ ಸೇರಿದ ಬೀಜದಿಂದ ಸ್ಟ್ರಿಕ್ನೀನನ್ನೂ, 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮಾನ್ ಎಂಬವರು ಹೊಗೆಸೊಪ್ಪಿನಿಂದ ನಿಕೋಟಿನನ್ನೂ ಬೇರ್ಪಡಿಸಿದರು. ಇಂಥ ದ್ರವ್ಯಗಳು ಮನುಷ್ಯನಿಗೆ ಔಷಧವೋ ವಿಷವೋ ಎಂಬುದನ್ನು ಅಂದಿನ ಪಂಡಿತರು ಶ್ರದ್ಧೆಯಿಂದ ಪರೀಕ್ಷಿಸಿದರಾದರೂ, ಗಿಡಕ್ಕೆ ಇವುಗಳಿಂದೇನು ಪ್ರಯೋಜನವೆಂದು ಕೇಳಿದವರು ವಿರಳ. ಜೀವನಕ್ರಿಯೆಯಲ್ಲಿ ಮಿಕ್ಕುಳಿದ ಕಲ್ಮಷಗಳೆಂದೇ ಇವು ಬಹುಕಾಲ ಪರಿಗಣಿತವಾಗಿದ್ದುವು. ಆ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವನು ಯೇನಾ ನಗರದ ಸಸ್ಯವಿಜ್ಞಾನಿ ಅರ್ನ್ಸ್ಟ್ ಷ್ಟಾಲ್. ಹಸಿಯಾಗಿದ್ದಾಗ ಬಸವನಹುಳುಗಳು ತಿರಸ್ಕರಿಸಿದ ಎಲೆಗಳನ್ನು ಮದ್ಯಸಾರದಲ್ಲಿ ನೆನೆಸಿ, ಅವುಗಳ ಸತ್ತ್ವವನ್ನು ಹೊರತೆಗೆದು ಮತ್ತೆ ಒಡ್ಡಿದಾಗ ಅದೇ ಹುಳುಗಳು ಅವನ್ನು ತಿಂದುವೆಂದು ತೋರಿಸಿ, ಈ ದ್ರವ್ಯಗಳು ಪ್ರಾಣಿಗಳ ಪೀಡನೆಗೆ ಎದುರಾಗಿ ಸಸ್ಯಗಳಲ್ಲಿ ಬೆಳೆದುಬಂದ ರಕ್ಷಾಸಾಧನಗಳೆಂದು ಆತನು 1888ರಲ್ಲಿ ಪ್ರತಿಪಾದಿಸಿದನು. ಆದರೂ ಈ ವಿಚಾರವು ಬಹುಮಟ್ಟಿಗೆ ಮರೆತುಹೋಗಿ, 1959ರಲ್ಲಿ ಗಾಟ್‌ಫ್ರೀಡ್ ಫ್ರೆಂಕೆಲ್ ಎಂಬ ಕೀಟವಿಜ್ಞಾನಿಯ ಪ್ರಬಂಧದಿಂದ ಪುನರುಜ್ಜೀವನವನ್ನು ಪಡೆಯಿತು. ಅದೇ ವರ್ಷ ಸುಡಾನಿನಲ್ಲಿ ಮಿಡತೆಯ ಹಿಂಡು ಹಸುರನ್ನೆಲ್ಲ ಬೋಳಾಗಿಸಿ ಬೇವಿನ ಮರಗಳನ್ನು ಮಾತ್ರ ಬಿಟ್ಟುಹೋದದ್ದನ್ನು ಹೈನ್‌ರಿಷ್ ಷ್ಮುಟರರ್ ಕಂಡನು. 1968ರಲ್ಲಿ ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಎಂಬ ದ್ರವ್ಯವು ಬೇರ್ಪಟ್ಟು, ಕಣಜದ ಹಳೆಯ ರೂಢಿಗೆ ರಸಾಯನಶಾಸ್ತ್ರದ ಸಮರ್ಥನೆಯು ದೊರೆಯಿತು.

ಪ್ರಾಣಿಗಳಲ್ಲಿ: ಪ್ರಾಣಿಗಳ ವಿಷಯದಲ್ಲಿ ವಿಚಾರವು ಬಣ್ಣದಿಂದ ಮೊದಲಾಯಿತು. ಅಮೆಜಾನಿನ ಕಾಡುಗಳಲ್ಲಿ ಹನ್ನೊಂದು ವರ್ಷ ಅಲೆದ ಹೆನ್ರಿ ಬೇಟ್ಸ್, ಅರುಚಿಯಾದ ಚಿಟ್ಟೆಗಳ ವೇಷವನ್ನು ಬೇರೆ ಚಿಟ್ಟೆಗಳು ಧರಿಸಿ ಹಕ್ಕಿಗಳಿಂದ ಪಾರಾಗುವುವೆಂದು 1862ರಲ್ಲಿ ವಿವರಿಸಿದನು. ಕೆಲವು ಕಂಬಳಿಹುಳುಗಳಿಗೆ ಎದ್ದುಕಾಣುವ ಬಣ್ಣವೇಕೆಂದು ಡಾರ್ವಿನ್ ಕೇಳಿದಾಗ, ಅದು ತಾನು ತಿನ್ನಲು ಯೋಗ್ಯವಲ್ಲವೆಂದು ಸಾರುವ ಎಚ್ಚರಿಕೆಯಿರಬೇಕೆಂದು 1867ರಲ್ಲಿ ವಾಲೆಸ್ ಉತ್ತರಿಸಿದನು. ಈ ಊಹೆಯ ಹಿಂದಿನ ವಿಷವನ್ನು ಕೈಗೆಟುಕಿಸಿದ್ದು ಇಪ್ಪತ್ತನೆಯ ಶತಮಾನ. ಎಕ್ಕದ ಸಂಬಂಧಿಯಾದ ಹಾಲುಗಿಡಗಳನ್ನು ತಿಂದು ಬೆಳೆಯುವ ಅಮೆರಿಕದ ಮೊನಾರ್ಕ್ ಚಿಟ್ಟೆಯು ಹೃದಯಕ್ಕೆ ಮಾರಕವಾದ ಸಸ್ಯವಿಷವನ್ನು ತನ್ನ ಮೈಯಲ್ಲೇ ಕೂಡಿಟ್ಟುಕೊಳ್ಳುವುದನ್ನು ಮಿರಿಯಂ ರಾತ್ಸ್‌ಚೈಲ್ಡ್, ತಾದೇಉಸ್ ರೈಷ್‌ಸ್ಟೈನ್ ಮತ್ತು ಅವರ ಸಹೋದ್ಯೋಗಿಗಳು ಸ್ಥಾಪಿಸಿದರು. ಅಂಥ ಚಿಟ್ಟೆಯನ್ನು ತಿಂದ ಹಕ್ಕಿಗೆ ವಾಂತಿಯಾಗುವುದನ್ನೂ, ಕೋಸಿನ ಎಲೆಯ ಮೇಲೆ ಬೆಳೆಸಿದ ಚಿಟ್ಟೆಯಿಂದ ಯಾವ ಬಾಧೆಯೂ ಆಗದಿರುವುದನ್ನೂ ಲಿಂಕನ್ ಬ್ರೋವರ್ ಪ್ರಯೋಗದಿಂದ ತೋರಿಸಿದನು. ವಿಷವನ್ನು ಎರವಲು ತರದೆ ತಾವೇ ತಯಾರಿಸುವ ಜೀವಿಗಳಿಗೆ ಬೊಂಬಾರ್ಡಿಯರ್ ದುಂಬಿಯು ಪ್ರಸಿದ್ಧ ನಿದರ್ಶನ. ಇದರ ಹೊಟ್ಟೆಯ ಒಂದು ಕೋಶದಲ್ಲಿ ಹೈಡ್ರೊಕ್ವಿನೋನ್‌ಗಳೂ ಹೈಡ್ರೊಜನ್ ಪೆರಾಕ್ಸೈಡೂ ಸಂಗ್ರಹವಾಗಿರುತ್ತವೆ. ಶತ್ರು ಮೈಮುಟ್ಟಿದೊಡನೆ ಅವು ಕಿಣ್ವಗಳಿರುವ ಮತ್ತೊಂದು ಕೋಶಕ್ಕೆ ಹರಿದು, ಸಿಡಿದು, ಸುಮಾರು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಉರಿದ್ರವವಾಗಿ ಹೊರಚಿಮ್ಮುವುವು. ಹೈಡೆಲ್‌ಬರ್ಗಿನ ಷಿಲ್ಡ್‌ಕ್ನೆಷ್ಟ್ ಹಾಗೂ ಅಮೆರಿಕದ ಥಾಮಸ್ ಐಸ್ನರ್ ಈ ಅದ್ಭುತ ಯಂತ್ರವನ್ನು ಅರ್ಥಮಾಡಿಕೊಟ್ಟವರಲ್ಲಿ ಮುಖ್ಯರು.

ಸಹವಿಕಾಸ: 1964ರಲ್ಲಿ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಈ ಎರಡು ಧಾರೆಗಳನ್ನು ಒಂದುಗೂಡಿಸಿದರು. ಗಿಡವು ಹೊಸ ವಿಷವನ್ನು ಪಡೆದಾಗ ಅದರ ಶತ್ರುಗಳು ಹಿಂದೆಗೆಯುವುವು. ಯಾವುದೋ ಒಂದು ಕೀಟದ ವಂಶವು ಆ ವಿಷವನ್ನು ಜೀರ್ಣಿಸಿಕೊಂಡಾಗ ಅದಕ್ಕೆ ಪೈಪೋಟಿಯಿಲ್ಲದ ಮೇವು ಲಭಿಸುವುದು. ಹೀಗೆ ಒಂದನ್ನೊಂದು ತಿದ್ದುತ್ತ ಎರಡೂ ವಂಶಗಳು ಕವಲೊಡೆಯುವುವೆಂಬುದು ಅವರ ಸಿದ್ಧಾಂತ. ನಮ್ಮ ಹೊಲದ ಬದುವಿನಲ್ಲಿಯೇ ಇದನ್ನು ಕಾಣಬಹುದು: ದನವು ಮೂಸಿ ಬಿಟ್ಟುಹೋದ ಎಕ್ಕದ ಎಲೆಯನ್ನು ಮೊನಾರ್ಕಿನ ದಾಯಾದಿಯಾದ ಕಿತ್ತಳೆ ಬಣ್ಣದ ಚಿಟ್ಟೆಯೊಂದರ ಹುಳು ನಿರಾತಂಕವಾಗಿ ಮೇಯುತ್ತಿರುತ್ತದೆ. ಆಮೇಲಿನ ಸಂಶೋಧನೆಗಳಿಂದ ಸಸ್ಯದ ರಕ್ಷಣೆಯು ಜಡವಲ್ಲವೆಂಬುದೂ ವಿದಿತವಾಯಿತು. ಗಾಯಗೊಂಡ ಟೊಮ್ಯಾಟೊ ಗಿಡವು ಗಾಯವಾಗದ ಎಲೆಗಳಲ್ಲಿಯೂ ಕೀಟದ ಪಚನಕ್ರಿಯೆಗೆ ಅಡ್ಡಬರುವ ಪ್ರೋಟೀನನ್ನು ತುಂಬಿಕೊಳ್ಳುವುದನ್ನು ಕ್ಲಾರೆನ್ಸ್ ರಯನ್ 1972ರಲ್ಲಿ ಪ್ರಕಟಿಸಿದನು. ಹುಳು ಕಡಿದ ಮೆಕ್ಕೆಜೋಳವು ಗಾಳಿಯಲ್ಲಿ ಗಂಧವನ್ನು ಬಿಟ್ಟು, ಆ ಹುಳುವಿಗೆ ಶತ್ರುವಾದ ಕಡಜವನ್ನು ಕರೆತರುವುದು 1990ರಲ್ಲಿ ತಿಳಿದುಬಂದಿತು.

ಮನುಷ್ಯನು ಔಷಧವಾಗಿ, ವ್ಯಂಜನವಾಗಿ, ಕೀಟನಾಶಕವಾಗಿ ಬಳಸುತ್ತಿರುವ ಎಷ್ಟೋ ದ್ರವ್ಯಗಳು ಮೊದಲು ಮೂಡಿದ್ದು ಅವನಿಗಾಗಿ ಅಲ್ಲ. ಕಾಲಿಲ್ಲದ ಗಿಡವೂ ಬಲವಿಲ್ಲದ ಹುಳುವೂ ತಮ್ಮ ಉಳಿವಿಗಾಗಿ ಯುಗಯುಗಗಳಲ್ಲಿ ಗಳಿಸಿಕೊಂಡ ವಿದ್ಯೆಯ ಫಲ ಅವು. ಕಾಡಿನ ಒಂದು ಜಾತಿಯು ಅಳಿದರೆ ಅದರೊಡನೆ ಅಂಥದೊಂದು ವಿದ್ಯೆಯೂ, ಅದನ್ನು ಯಾರಾದರೂ ಓದುವುದಕ್ಕೆ ಮೊದಲೇ, ಅಳಿದುಹೋಗುತ್ತದೆ.