ಜಾಲಿಪ್ಯೆಯ ಚಿತ್ರಿತ ಗೃಹಗಳು

ದಕ್ಷಿಣ ಪೋಲೆಂಡಿನ ತಾರ್ನೂಫ್ ನಗರದ ಉತ್ತರಕ್ಕೆ, ವಿಸ್ತುಲಾ ನದಿಯ ಬಯಲಿನಲ್ಲಿ, ಜಾಲಿಪ್ಯೆ ಎಂಬ ಹಳ್ಳಿಯಿದೆ. ಅಲ್ಲಿನ ಮರದ ಮನೆಗಳ ಗೋಡೆ, ಕಿಟಕಿಯ ಸುತ್ತು, ಕಣಜ, ಬಾವಿ, ಕಡೆಗೆ ನಾಯಿಯ ಗೂಡು ಕೂಡ ಬಣ್ಣದ ಹೂಗಳಿಂದ ಅಲಂಕೃತವಾಗಿವೆ. ಇವನ್ನು ನೋಡಲೆಂದೇ ದೂರದೇಶಗಳ ಪ್ರವಾಸಿಗಳು ಬರುತ್ತಾರೆ. ಇಷ್ಟು ತುಂಬುಗೈಯಿಂದ ಬರೆದ ಚಿತ್ರಗಳನ್ನು ಕಂಡವರು, ಇವು ಎಷ್ಟೋ ಶತಮಾನಗಳಿಂದ ಹರಿದುಬಂದ ಕಲೆಯಿರಬೇಕೆಂದು ಭಾವಿಸುವುದು ಸಹಜ. ಆದರೆ ಇತಿಹಾಸದ ದೃಷ್ಟಿಯಿಂದ ನೋಡಿದರೆ, ಈ ಹೂಗಳ ಪ್ರಾಯ ಹೊಗೆಕೊಳವೆಯ ಪ್ರಾಯಕ್ಕಿಂತ ಹೆಚ್ಚಿನದಲ್ಲ ಎಂಬುದು ನಮ್ಮ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರದೇಶ ಆಸ್ಟ್ರಿಯದ ಆಳ್ವಿಕೆಗೆ ಒಳಪಟ್ಟ ಗಲೀಸಿಯಾದ ಭಾಗವಾಗಿತ್ತು. ಗಲೀಸಿಯಾದ ರೈತರ ಬಡತನವು ಅಂದು ಯೂರೋಪಿನಲ್ಲೆಲ್ಲ ಪ್ರಸಿದ್ಧವಾಗಿತ್ತು. ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಅವರ ಗುಡಿಸಲುಗಳಲ್ಲಿ ಒಲೆಯಿತ್ತು, ಹೊಗೆಕೊಳವೆಯಿರಲಿಲ್ಲ. ಹೊಗೆಯು ಕೋಣೆಯನ್ನೆಲ್ಲ ಸುತ್ತಿ, ಬಾಗಿಲಿನಿಂದಲೋ ಮಾಡಿನ ಸಂದಿನಿಂದಲೋ ಹೊರಬೀಳುತ್ತಿತ್ತು. ಗೋಡೆಗಳು ಮಸಿ ಹಿಡಿದು ಕಪ್ಪಾಗುತ್ತಿದ್ದುವು. ಹಬ್ಬ ಹತ್ತಿರವಾದಾಗ ಮನೆಯ ಹೆಂಗಸರು ಆ ಕಪ್ಪಿನ ಮೇಲೆ ಸುಣ್ಣದ ನೀರಿನಲ್ಲಿ ಬೊಟ್ಟುಗಳನ್ನಿಡುತ್ತಿದ್ದರು. ಅವು ಚಿತ್ರಗಳೆಂಬುದಕ್ಕಿಂತ ಕತ್ತಲೆಯನ್ನು ಕೊಂಚ ಹಗುರ ಮಾಡುವ ಉಪಾಯಗಳು. ಮುಂದಿನ ಹೂಗಳಿಗೆಲ್ಲ ಮೂಲ ಈ ಬೊಟ್ಟುಗಳೇ.

ಶತಮಾನದ ಅಂತ್ಯದ ಹೊತ್ತಿಗೆ ಹೊಗೆಕೊಳವೆಯುಳ್ಳ ಒಲೆಗಳು ಬಳಕೆಗೆ ಬಂದುವು. ಇದರಿಂದಾದ ಪರಿಣಾಮವನ್ನು ನಾವು ಲಘುವಾಗಿ ಎಣಿಸಬಾರದು. ಸುಣ್ಣ ಬಳಿದ ಗೋಡೆ ಮೊದಲ ಬಾರಿಗೆ ಬಿಳಿಯಾಗಿಯೇ ಉಳಿಯಿತು. ಬಿಳಿಯ ಮೇಲೆ ಬಣ್ಣಕ್ಕೆ ಅವಕಾಶವಾಯಿತು. ಮಸಿ, ಜೇಡಿಮಣ್ಣು, ಸುಣ್ಣ ಇವೇ ಮೊದಲಿನ ಬಣ್ಣಗಳು. ಅಂಗಡಿಯ ಪುಡಿಬಣ್ಣಗಳು ಬಂದದ್ದು ಆಮೇಲೆ. ಅವು ಗೋಡೆಯನ್ನು ಹಿಡಿಯಲೆಂದು ಹಾಲು ಬೆರೆಸುತ್ತಿದ್ದರು. ಹಸುವಿನ ಕೂದಲನ್ನು ಕಡ್ಡಿಗೆ ಕಟ್ಟಿದರೆ ಕುಂಚ ಸಿದ್ಧವಾಯಿತು. ಬೊಟ್ಟು ಮತ್ತು ಗೆರೆಗಳಿದ್ದ ಎಡೆಯಲ್ಲಿ ಹೂವು, ಬಳ್ಳಿ, ಹೂಗೊಂಚಲುಗಳು ಮೂಡಿದುವು. ಒಲೆಯ ಸುತ್ತಿನಿಂದ ಕೋಣೆಗೆ, ಕೋಣೆಯಿಂದ ಹೊರಗೋಡೆಗೆ ಹಬ್ಬಿದುವು. ಮನೆಯೊಳಗಿನ ಸಾರಣೆ ಸುಣ್ಣಗಳಂತೆ ಇದೂ ಹೆಣ್ಣಿನ ಕೈಯ ಕೆಲಸವಾಗಿಯೇ ಬೆಳೆಯಿತು. ಬರೆದವರ ಹೆಸರುಗಳು ಬಹುಕಾಲ ಯಾವ ದಾಖಲೆಗೂ ಸೇರದಿರಲು ಇದೂ ಒಂದು ಕಾರಣವಿರಬೇಕು.

ಇಲ್ಲಿ ಇತಿಹಾಸಕಾರನಿಗೆ ಒಂದು ತೊಡಕು ಎದುರಾಗುತ್ತದೆ. ಹೊರಗೋಡೆಯ ಬಣ್ಣ ಮಳೆಗೂ ಹಿಮಕ್ಕೂ ನಿಲ್ಲುವುದಿಲ್ಲ. ಒಳಗೋಡೆಯದು ಮುಂದಿನ ಸುಣ್ಣದ ಕೆಳಗೆ ಅಡಗಿಹೋಗುತ್ತದೆ. ಶಾಸನವನ್ನೋ ಓಲೆಯನ್ನೋ ಓದುವಂತೆ ಇಲ್ಲಿ ಹಳೆಯದನ್ನು ಓದಲು ಬಾರದು. ಇಂದು ಕಾಣುವ ಹೂವು ಬಹುಮಟ್ಟಿಗೆ ಇತ್ತೀಚಿನ ವಸಂತಗಳದು. ಆದಕಾರಣ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ತಾರ್ನೂಫಿನ ವ್ವಾದಿಸ್ವಾಫ್ ಹಿಕೆಲ್ ಎಂಬಾತ ಈ ಸೀಮೆಯ ಗೋಡೆಚಿತ್ರಗಳನ್ನು ಗಮನಿಸಿ, ಅವುಗಳ ವಿಷಯವಾಗಿ ಬರೆದು ಪ್ರಕಟಿಸಿದುದು ಬೆಲೆಯುಳ್ಳ ಕೆಲಸ. ವಿದ್ವಾಂಸರ ಕಣ್ಣು ಈ ಕಡೆಗೆ ತಿರುಗಿದ್ದು ಆಗಲೇ.

ಮುಂದಿನ ತಿರುವು ಎರಡನೆಯ ಮಹಾಯುದ್ಧಾನಂತರದ್ದು. 1948ರಲ್ಲಿ, ನಾಡು ಇನ್ನೂ ಯುದ್ಧದ ಗಾಯಗಳಿಂದ ಚೇತರಿಸಿಕೊಳ್ಳುತ್ತಿದ್ದಾಗ, ಇಲ್ಲಿ ಚಿತ್ರಿತ ಮನೆಗಳ ಸ್ಪರ್ಧೆಯೊಂದು ನಡೆಯಿತು. 1965ರಿಂದೀಚೆಗೆ ಅದು ವರ್ಷವರ್ಷವೂ ನಡೆಯುವ ಪದ್ಧತಿಯಾಯಿತು. ಇದರ ಕಾಲ ಕಾರ್ಪಸ್ ಕ್ರಿಸ್ಟಿ ಎಂಬ ಕ್ಯಾಥೊಲಿಕ್ ಹಬ್ಬದ ಮರುದಿನಗಳು, ಎಂದರೆ ಮೇ ಕೊನೆ ಅಥವಾ ಜೂನ್. ಹಬ್ಬಕ್ಕೆ ಮನೆಯನ್ನು ಹಸನುಮಾಡುವ ಹಳೆಯ ರೂಢಿ ಇಲ್ಲಿ ತೀರ್ಪುಗಾರರ ಪಟ್ಟಿಯೊಡನೆ ಕೂಡಿಕೊಂಡಿತು.

ಫೆಲಿತ್ಸ್ಯಾ ತ್ಸುರಿವೊವಾ (1904–1974) ಎಂಬ ರೈತ ಮಹಿಳೆಯನ್ನು ಬಿಟ್ಟು ಈ ಕಥೆಯನ್ನು ಹೇಳಲಾಗದು. ತನ್ನ ಮೂರು ಕೋಣೆಗಳ ಮನೆಯನ್ನು ಹೂವಿನಿಂದ ತುಂಬಿದ್ದಲ್ಲದೆ, ಈಕೆ ಊರಿನ ಇತರ ಚಿತ್ರಕಾರ್ತಿಯರನ್ನು ಹುರಿದುಂಬಿಸಿ, ಹಳ್ಳಿಯ ಹೆಸರನ್ನು ಹೊರಗಿನವರಿಗೆ ಮುಟ್ಟಿಸಿದಳು. ಆಕೆಯ ಮರಣಾನಂತರ ಆ ಮನೆ ತಾರ್ನೂಫ್ ವಸ್ತುಸಂಗ್ರಹಾಲಯದ ಶಾಖೆಯಾಯಿತು. ಚಿತ್ರಕಾರ್ತಿಯರು ಒಟ್ಟುಗೂಡಿ ಕೆಲಸ ಮಾಡಲು, ಬಂದವರಿಗೆ ತೋರಿಸಲು, 'ಚಿತ್ರಕಾರ್ತಿಯರ ಮನೆ' ಎಂಬ ಕಟ್ಟಡವೂ 1970ರ ದಶಕದಲ್ಲಿ ಎದ್ದಿತು. ಊರಿನ ಚರ್ಚಿನ ಒಳಗೂ ಇದೇ ಹೂಗಳಿವೆ.

ಸ್ಪರ್ಧೆಯಿಂದ ಕಲೆ ಉಳಿಯಿತೆ, ಇಲ್ಲವೆ ಬೇರೊಂದು ಕಲೆ ಹುಟ್ಟಿತೆ? ಬಹುಮಾನಕ್ಕಾಗಿ ಬರೆದುದು ಜಾನಪದವೇ ಅಲ್ಲವೆಂದು ವಾದಿಸಬಹುದು. ನಾವು ಇದನ್ನು ಒಪ್ಪಲಾರೆವು. ಮಸಿಯ ಮೇಲೆ ಬೊಟ್ಟಿಟ್ಟವಳಿಗೂ ನೆರೆಮನೆಯವಳ ಕಣ್ಣಿನ ಅರಿವಿತ್ತು. ನೋಡುವವರಿಲ್ಲದೆ ಯಾರೂ ಹೊರಗೋಡೆಯನ್ನು ಸಿಂಗರಿಸುವುದಿಲ್ಲ. ಆದರೆ ನೋಡುವವರು ಬದಲಾದಾಗ ಚಿತ್ರವೂ ಬದಲಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಒರಟು ಬೊಟ್ಟು ಮತ್ತು ಗೆರೆಗಳು ಹಿಂದೆ ಸರಿದು, ದೂರದಿಂದಲೇ ಕಣ್ಸೆಳೆಯುವ ದೊಡ್ಡ ಗೊಂಚಲುಗಳು ಮುಂದೆ ಬಂದುವು. ಹಳೆಯ ಬೊಟ್ಟಿನ ವಿನ್ಯಾಸವನ್ನು ಹುಡುಕುವ ವಿದ್ಯಾರ್ಥಿ ಬಹುಮಾನಿತ ಗೋಡೆಗಳಿಗಿಂತ ಸಂಗ್ರಹಾಲಯಗಳ ಕಡೆಗೆ ಹೋಗುವುದು ಲೇಸು.

ಮರದ ಮನೆಗಳು ಈಗ ವಿರಳವಾಗುತ್ತಿವೆ. ಇಟ್ಟಿಗೆಯ ಹೊಸ ಮನೆಗಳ ಗಾರೆಯ ಮೇಲೂ ಹೂಗಳು ಬಂದಿವೆ. ಅಂಗಡಿಯ ಗಟ್ಟಿ ಬಣ್ಣದಿಂದ ಬರೆದ ಇವು ಹಿಂದಿನಂತೆ ಬೇಗ ಅಳಿಯುವುದಿಲ್ಲ. ಆದಕಾರಣ ವರ್ಷಕ್ಕೊಮ್ಮೆ ಗೋಡೆಯನ್ನೆಲ್ಲ ಹೊಸದಾಗಿ ಬರೆಯುವ ಅಗತ್ಯವೂ ಇಲ್ಲಿ ಕಡಮೆ.