ಜಿ-ಕೋಡ್ ಕೈಪಿಡಿಗಳಲ್ಲಿ ಉದಾಹರಣೆಯ ಅಚ್ಚು: ಭೋಸರಿಯ ಯಂತ್ರಶಾಲೆಗಳ ಹಿನ್ನೆಲೆಯಲ್ಲಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಯಂತ್ರಶಾಲೆಗಳಲ್ಲಿ ಸಿಎನ್‌ಸಿ (ಗಣಕ ನಿಯಂತ್ರಿತ) ಲೇತ್ ನಡೆಸುವವರ ದಿನಬಳಕೆಯ ಪ್ರೋಗ್ರಾಮಿಂಗ್ ಭಾಷೆ ಜಿ-ಕೋಡ್. 1982ರ ಐಎಸ್‌ಒ 6983 ಮಾನಕ ಅದಕ್ಕೊಂದು ಚೌಕಟ್ಟು ಕೊಟ್ಟರೂ ನಿಯಂತ್ರಕ ತಯಾರಕರು ತಮ್ಮ ತಮ್ಮ ರೂಢಿಗಳನ್ನು ಬಿಡಲಿಲ್ಲ. ಇಂಥ ಭಾಷೆಯ ಕೈಪಿಡಿಯಲ್ಲಿ ಅಚ್ಚಿನ ರೂಪವೂ ಉದಾಹರಣೆಯ ಅರ್ಥಕ್ಕೆ ಸೇರುತ್ತದೆ ಎಂಬುದು ನನ್ನ ವಾದ. ಫ್ಯಾನುಕ್ ನಿಯಂತ್ರಕದಲ್ಲಿ ‘ಎಕ್ಸ್100’ ಎಂದು ಬರೆದು ಮುಂದೆ ದಶಮಾಂಶ ಚುಕ್ಕಿ ಇಟ್ಟರೆ ನೂರು ಮಿಲಿಮೀಟರ್. ಚುಕ್ಕಿ ಬಿಟ್ಟರೆ, ಕನಿಷ್ಠ ಅಳತೆ 0.001 ಮಿ.ಮೀ. ಇರುವ ಸಾಮಾನ್ಯ ಹೊಂದಿಕೆಯಲ್ಲಿ, ಕೇವಲ 0.1 ಮಿಲಿಮೀಟರ್. ಸಾವಿರ ಪಟ್ಟು ಅಂತರ! ಎರಡೂ ವ್ಯಾಕರಣಬದ್ಧವಾದ್ದರಿಂದ ಚುಕ್ಕಿ ಬಿಟ್ಟುಹೋದ ಮಾತ್ರಕ್ಕೆ ಯಂತ್ರ ಎಚ್ಚರಿಸುವುದಿಲ್ಲ. ಇದೇ ಆಜ್ಞೆ ವಿವರಣೆಯ ವಾಕ್ಯದ ಕೊನೆಗೆ ಬಂದರೆ, ವಾಕ್ಯದ ಪೂರ್ಣವಿರಾಮವನ್ನು ಓದುಗ ಆಜ್ಞೆಯ ಚುಕ್ಕಿಯೆಂದೇ ತಿಳಿಯಬಹುದು. ಅರ್ಧವಿರಾಮದ ಕಥೆ ಇನ್ನೂ ತೊಡಕಿನದು. ಫ್ಯಾನುಕ್ ಕೈಪಿಡಿಯಲ್ಲಿ ಅದು ಸಾಲು, ಅಂದರೆ ಬ್ಲಾಕ್, ಮುಗಿಯಿತೆಂಬ ಗುರುತು, ಫಲಕದ ಇಒಬಿ (ಎಂಡ್ ಆಫ್ ಬ್ಲಾಕ್) ಕೀಲಿಯಿಂದ ಮೂಡುವಂಥದ್ದು. ಸೀಮೆನ್ಸ್ ಸಿನುಮೆರಿಕ್‌ನಲ್ಲಿ ಅದರ ಮುಂದಿನದೆಲ್ಲ ಟಿಪ್ಪಣಿ. ಫ್ಯಾನುಕ್ ಪ್ರೋಗ್ರಾಂ ಸಂಖ್ಯೆ ‘ಓ’ ಅಕ್ಷರದಿಂದ ಶುರುವಾಗಿ ಅನೇಕ ವೇಳೆ ಸೊನ್ನೆಗಳೊಡನೆ ಮುಂದುವರಿಯುವುದರಿಂದ, ಇವೆರಡನ್ನೂ ಒಂದೇ ದುಂಡಗೆ ಮೂಡಿಸುವ ರೋಮನ್ ಅಚ್ಚು ಹೊಸಬರನ್ನು ದಾರಿ ತಪ್ಪಿಸುತ್ತದೆ.

ಪ್ರೋಗ್ರಾಂಗೂ ಗದ್ಯದ ಅಚ್ಚೇ ಸಾಕು ಎಂಬವರಿಗೆ ಸಿ++ ಭಾಷೆಯನ್ನು ರೂಪಿಸಿದ ಸ್ಟ್ರೌಸ್ಟ್ರಪ್ ಒಳ್ಳೆಯ ಆಧಾರ: ಆ ಭಾಷೆಯ ಕುರಿತ ತಮ್ಮ ಗ್ರಂಥದಲ್ಲಿ ಅವರು ಸಮ ಅಗಲದ ಅಕ್ಷರಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ಆಲ್ಗಾಲ್ ಪ್ರೋಗ್ರಾಮಿಂಗ್ ಭಾಷೆಯ 1960ರ ವರದಿಯೂ ಪ್ರಕಟಣೆಯ ರೂಪವನ್ನು ಯಂತ್ರರೂಪದಿಂದ ಬೇರ್ಪಡಿಸಿತ್ತು. ಕ್ರಮವಿಧಿಯನ್ನು ಓದಿ ಗ್ರಹಿಸುವವರಿಗೆ ಆ ಸ್ವಾತಂತ್ರ್ಯ ಒಪ್ಪುವಂಥದ್ದೇ. ಯಂತ್ರದ ಮುಂದೆ ನಿಂತವನು ಮಾತ್ರ ಪುಟದಲ್ಲಿ ಕಂಡದ್ದನ್ನೇ ಒಂದೊಂದು ಕೀಲಿಯಾಗಿ ಒತ್ತುತ್ತಾನೆ; ಪುಟದ ಗುರುತಿಗೂ ಫಲಕದ ಕೀಲಿಗೂ ನೇರ ಹೊಂದಾಣಿಕೆ ಇರಲೇಬೇಕು. ಕ್ಯಾಮ್ (ಗಣಕ ನೆರವಿನ ತಯಾರಿಕೆ) ತಂತ್ರಾಂಶವೇ ಪ್ರೋಗ್ರಾಂ ಬರೆದುಕೊಡುವಾಗ ಈ ಚಿಂತೆ ಯಾಕೆಂಬುದು ಇನ್ನಷ್ಟು ಗಟ್ಟಿಯಾದ ಆಕ್ಷೇಪ. ಆದರೆ ಆ ತಂತ್ರಾಂಶ ಕೊನೆಗೆ ಹೊರಹಾಕುವುದೂ ಜಿ-ಕೋಡನ್ನೇ. ಯಂತ್ರದ ಬಳಿಯೇ ಒಂದು ಸಾಲು ತಿದ್ದಬೇಕಾಗಿ ಬಂದಾಗ, ಕೈಪಿಡಿಯಲ್ಲಿ ಕಲಿತ ಓದೇ ಆಪರೇಟರನಿಗೆ ಆಧಾರ.

ಕನ್ನಡದಲ್ಲಿ ಇಂಥ ಕೈಪಿಡಿ ಬರೆಯುವವರು ಅಚ್ಚಿನ ಈ ತೊಡಕನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ವಿಭಕ್ತಿ ಪ್ರತ್ಯಯಗಳು ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತವೆ. ಆಜ್ಞೆಗೇ ಅವನ್ನು ಅಂಟಿಸಿದರೆ ಅದು ಎಲ್ಲಿ ಮುಗಿಯಿತೆಂದು ತಿಳಿಯದು. ಆಜ್ಞೆಯ ನಂತರ ‘ಎಂಬ ಸಾಲಿನಲ್ಲಿ’ ಎಂದು ಬರೆದರೆ ಪ್ರತ್ಯಯ ದೂರ ಉಳಿಯುತ್ತದೆ, ಪೂರ್ಣವಿರಾಮವೂ. ಉದಾಹರಣೆಯನ್ನು ಸಮ ಅಗಲದ ರೋಮನ್ ಅಕ್ಷರಗಳಲ್ಲಿ, ಗೀಟು ಹೊಡೆದ ಸೊನ್ನೆಯೊಡನೆ, ಸಾಲಿಗೊಂದು ಬ್ಲಾಕಿನಂತೆ ಅಚ್ಚು ಹಾಕಿ, ಕನ್ನಡ ವಿವರಣೆಯನ್ನು ಪಕ್ಕದ ಅಂಕಣದಲ್ಲಿಡುವುದು ಲೇಸು. ಉದಾಹರಣೆ ಸರಿಯಾಗಿರುವುದೂ ಅಷ್ಟೇ ಮುಖ್ಯ. ಪೈಥಾನ್ ಭಾಷೆಯ ಡಾಕ್‌ಟೆಸ್ಟ್ ಎಂಬ ಸಾಧನ ದಸ್ತಾವೇಜಿನ ಉದಾಹರಣೆಗಳನ್ನು ನಡೆಸಿ, ಬಂದ ಫಲಿತವನ್ನು ಬರೆದದ್ದರೊಡನೆ ತಾಳೆ ನೋಡುತ್ತದೆ. ಜಿ-ಕೋಡ್ ಕೈಪಿಡಿಯಲ್ಲೂ ಉದಾಹರಣೆಯನ್ನು ಮತ್ತೆ ಟೈಪ್ ಮಾಡದೆ, ಯಂತ್ರದಲ್ಲಿ ಓಡಿಸಿ ಅಳತೆ ನೋಡಿದ ಫೈಲಿನಿಂದಲೇ ಪುಟಕ್ಕೆ ತರಬೇಕು.